ಲಿಫ್ಟ್ ಮಾಮನ ಭಾನುವಾರದ ತೆಪ್ಪ

"ಅಮ್ಮಾ, ಲಿಫ್ಟ್ ಮಾಮನ ಮಗಳು ಯಾಕೆ ಟಿವಿ ಒಳಗೇ ಇರ್ತಾಳೆ? ಆಚೆ ಬರಕ್ಕೆ ಬಾಗಿಲಿಲ್ವಾ?"

ಐದು ವರ್ಷದ ನನ್ನ ಮಗಳು ಇದನ್ನು ಕೇಳಿದಾಗ ನಾನು ಅವಳ ತಲೆ ಬಾಚುತ್ತಿದ್ದೆ. ಸ್ಕೂಲಿಗೆ ಹೊತ್ತಾಗಿತ್ತು, ಒಂದು ಕಾಲುಚೀಲ ಸಿಕ್ಕಿರಲಿಲ್ಲ.

"ಅವಳು ಟಿವಿ ಒಳಗಿಲ್ಲ ಕಣೆ. ಬೇರೆ ಊರಲ್ಲಿ ಅವಳಮ್ಮನ ಜೊತೆ ಇದಾಳೆ."

"ಮತ್ತೆ ಕೆಂಪು ಟೋಪಿ ಹಾಕ್ಕೊಂಡು ನೀರಲ್ಲಿ ಹೋಗ್ತಿದ್ಲಲ್ಲ?"

"ಅದು ಆಟ. ಅವಳು ಅಲ್ಲಿಂದ ಬಟನ್ ಒತ್ತುತ್ತಾಳೆ, ಇಲ್ಲಿ ಟೋಪಿ ಓಡಾಡುತ್ತೆ."

"ಹಾಗಾದ್ರೆ ಮಾಮ ಮಗಳ ಜೊತೆ ಆಡಲ್ಲ. ಟೋಪಿ ಜೊತೆ ಆಡ್ತಾನೆ."

ಕಾಲುಚೀಲ ಹುಡುಕುವ ನೆವದಲ್ಲಿ ಮಂಚದ ಕೆಳಗೆ ಬಗ್ಗಿದೆ.

ನಮ್ಮದು ಐದು ಮಹಡಿಯ ಕಟ್ಟಡ, ನಾವಿರುವುದು ಮೂರನೆಯದರಲ್ಲಿ. ನೆಲಮಹಡಿಯ ಹಿಂಭಾಗದಲ್ಲಿ, ನೀರಿನ ಪಂಪಿಗೂ ಸೈಕಲ್ ನಿಲ್ಲಿಸುವ ಜಾಗಕ್ಕೂ ನಡುವೆ ಒಂದು ಕೋಣೆಯ ಮನೆಯಿದೆ. ಲಿಫ್ಟ್ ಮಾಮ ಇರುವುದು ಅಲ್ಲಿ. ಲಿಫ್ಟ್ ರಿಪೇರಿ ಅವರ ಕೆಲಸ. ನಮ್ಮ ಕಟ್ಟಡದ್ದು ಮಾತ್ರವಲ್ಲ, ಊರಿನ ಅರ್ಧ ಲಿಫ್ಟುಗಳು ಅವರ ಕಂಪನಿಯ ಪಾಲಿಗೆ. ನಲವತ್ತರ ಮೇಲೆ ಎರಡೋ ಮೂರೋ ವಯಸ್ಸು. ಎಷ್ಟು ತೊಳೆದರೂ ಉಗುರಿನ ಸುತ್ತ ಗ್ರೀಸಿನ ಕಪ್ಪು ಗೆರೆ. ಅವರು ಮಾತ್ರ ಯಾವ ಕಟ್ಟಡಕ್ಕೆ ಹೋದರೂ ಮೆಟ್ಟಿಲು ಹತ್ತಿಯೇ ಹೋಗುತ್ತಾರೆ. ಯಾಕೆಂದು ಕೇಳಿದರೆ, "ಅದರ ಹೊಟ್ಟೆಯೊಳಗೆ ಏನೇನಿದೆ ಅಂತ ನನಗೆ ಗೊತ್ತಲ್ಲ ತಂಗಿ, ಅದಕ್ಕೇ" ಎಂದು ನಗುತ್ತಾರೆ.

ನನ್ನ ಮಗಳನ್ನು ಅವರು ಇನ್ಸ್‌ಪೆಕ್ಟರ್ ಎಂದೇ ಕರೆಯುವುದು. ವರ್ಷಕ್ಕೊಮ್ಮೆ ಲಿಫ್ಟ್ ಪರೀಕ್ಷೆಗೆ ಬರುವ ಅಧಿಕಾರಿಯೂ ಇಷ್ಟು ಪ್ರಶ್ನೆ ಕೇಳುವುದಿಲ್ಲವಂತೆ.

"ಲಿಫ್ಟಿಗೆ ನಿದ್ದೆ ಬರಲ್ವಾ ಮಾಮ?"

"ಬರುತ್ತೆ ಇನ್ಸ್‌ಪೆಕ್ಟ್ರೇ. ಎರಡನೇ ಮಹಡಿ ಮತ್ತೆ ಮೂರನೇ ಮಹಡಿ ಮಧ್ಯೆ ನಿಂತ್ಕೊಂಡು ನಿದ್ದೆ ಮಾಡುತ್ತೆ. ಆಗ ಜನ ನನ್ನನ್ನ ಎಬ್ಬಿಸ್ತಾರೆ."

ಅವರದೊಂದು ಹಠದಂಥ ಅಭ್ಯಾಸವಿದೆ. ಏನನ್ನೇ ಬಿಚ್ಚಲಿ, ಒರೆಸಲಿ, ಮುಟ್ಟಲಿ, ಮೊದಲು ಗೋಡೆಯ ಸ್ವಿಚ್ ಆರಿಸಬೇಕು. ಆರಿಸಿದ ಮೇಲೆ ಅದಕ್ಕೆ ಒಂದು ಹಳದಿ ಪ್ಲಾಸ್ಟಿಕ್ ಫಲಕ ನೇತುಹಾಕಬೇಕು: 'ಕೆಲಸ ನಡೆಯುತ್ತಿದೆ, ಸ್ವಿಚ್ ಮುಟ್ಟಬೇಡಿ'. ಕೆಲಸ ಕಲಿಸಿದ ಹಿರಿಯರು ಮೋಟಾರಿನೊಳಗೆ ಕೈ ಇಟ್ಟಿದ್ದಾಗ ಯಾರೋ ಸ್ವಿಚ್ ಹಾಕಿಬಿಟ್ಟು ಮೂರು ಬೆರಳು ಹೋದವಂತೆ. ಅವತ್ತಿನಿಂದ ಹೀಗೆ. ಮನೆಯ ಮಿಕ್ಸಿಯ ಜಾರು ತೊಳೆಯುವಾಗಲೂ ಗೋಡೆಯಲ್ಲಿ ಫಲಕ ತೂಗುತ್ತಿರುತ್ತದೆ. ಫ್ರಿಜ್ಜಿನ ಬೋರ್ಡಿಗೆ ಮಾತ್ರ ರಿಯಾಯಿತಿ, ಹಾಲು ಒಡೆಯುತ್ತದೆಂದು.

ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ನಾಲ್ಕು ವರ್ಷವಾಯಿತು. ಜಗಳವಿಲ್ಲ, ರಂಪವಿಲ್ಲ. ಒಮ್ಮೆ ನನ್ನ ಗಂಡನ ಜೊತೆ ಚಹಾ ಕುಡಿಯುತ್ತ ಅವರೇ ಹೇಳಿದ್ದು: "ಊರಲ್ಲಿ ಯಾರು ಸಿಕ್ಕಿಹಾಕ್ಕೊಂಡ್ರೂ ಓಡಿ ಹೋಗ್ತೀರಿ, ಮನೇಲಿ ನಾನು ಸಿಕ್ಕಿಹಾಕ್ಕೊಂಡಿದೀನಿ ಅಂದ್ರೆ ನಿಮಗೆ ಬೆಲ್ಲೇ ಕೇಳಿಸಲ್ಲ ಅಂದ್ಲು. ಏನು ಹೇಳೋದು? ನಿಜಾನೇ." ಇಷ್ಟು ಹೇಳಿ ಲೋಟದ ತಳ ನೋಡುತ್ತ ಕೂತರಂತೆ.

ಆಗ ಆರು ವರ್ಷವಿದ್ದ ಮಗಳಿಗೆ ಈಗ ಹತ್ತು. ಫೋನಿನಲ್ಲಿ ಅಪ್ಪ ಮಗಳಿಗೆ ಮಾತು ಹುಟ್ಟುವುದಿಲ್ಲ. ಊಟ ಆಯ್ತಾ, ಹೂಂ. ಸ್ಕೂಲು, ಹೂಂ. ಅಮ್ಮ ಚೆನ್ನಾಗಿದಾಳಾ, ಹೂಂ. ನಲವತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಹೋಗುವ ಮೊದಲು ಅವರಿಬ್ಬರು ಸೇರಿ ಆಡುತ್ತಿದ್ದ ಒಂದು ಹಳೆಯ ಗೇಮ್ ಪೆಟ್ಟಿಗೆಯಿತ್ತು. ಅದನ್ನು ಮಗಳ ಜೊತೆ ಕಳಿಸಿ, ಅಂಥದ್ದೇ ಇನ್ನೊಂದನ್ನು ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದು ತಮ್ಮ ಟಿವಿಗೆ ಸಿಕ್ಕಿಸಿಕೊಂಡರು. ಅಂದಿನಿಂದ ಪ್ರತಿ ಭಾನುವಾರ ಸಂಜೆ ನಾಲ್ಕರಿಂದ ಐದರವರೆಗೆ ಇಂಟರ್ನೆಟ್ಟಿನ ಮೂಲಕ ಇಬ್ಬರೂ ಒಂದು ತೆಪ್ಪದಲ್ಲಿ ಹೋಗುತ್ತಾರೆ.

ಆಟ ಇಷ್ಟೇ. ಒಂದು ದೊಡ್ಡ ಹೊಳೆ, ಒಂದು ತೆಪ್ಪ. ಮುಂದೆ ಕೂತವರು ಹುಟ್ಟು ಹಾಕಬೇಕು, ಹಿಂದೆ ನಿಂತವರು ಉದ್ದನೆಯ ಕೋಲು ಊರಬೇಕು. ಮುಂದೆ ಕೆಂಪು ಟೋಪಿಯ ಮಗಳು, ಹಿಂದೆ ನೀಲಿ ಅಂಗಿಯ ಅಪ್ಪ. ಮಾತಿಲ್ಲ. ಬೇಕಾದರೆ ಒಂದು ಬಟನ್ ಒತ್ತಿ ಶಿಳ್ಳೆ ಹಾಕಬಹುದು, ಅಷ್ಟೇ. ಒಬ್ಬರು ಇಲ್ಲದಿದ್ದರೆ ತೆಪ್ಪ ನಿಂತಲ್ಲೇ ಗಿರಗಿರ ತಿರುಗಿ ಮುಳುಗುತ್ತದೆ. ನನ್ನ ಮಗಳು ಅವರ ಹೊಸ್ತಿಲ ಮೇಲೆ ಕೂತು ಇದನ್ನು ಎಷ್ಟೋ ಭಾನುವಾರ ನೋಡಿದ್ದಾಳೆ. ನಲವತ್ತು ಸೆಕೆಂಡಿಗಿಂತ ಹೆಚ್ಚು ಮಾತಿಲ್ಲದ ಅಪ್ಪ ಮಗಳು ವಾರಕ್ಕೆ ಒಂದು ಗಂಟೆ ಒಂದೇ ಹಲಗೆಯ ಮೇಲೆ ಇರುತ್ತಿದ್ದರು.

ಇಂಟರ್ನೆಟ್ ಮೊದಲನೇ ಮಹಡಿಯ ಟೀಚರಮ್ಮನದು. "ವಾರಕ್ಕೊಂದು ಗಂಟೆ ತಾನೆ, ನನ್ನ ವೈಫೈ ಸವೆದು ಹೋಗಲ್ಲ" ಎಂದು ಅವರೇ ಪಾಸ್‌ವರ್ಡ್ ಕೊಟ್ಟಿದ್ದರು. ಹೋದ ತಿಂಗಳು ಅವರಿಗೆ ವರ್ಗವಾಯಿತು. ಅವರ ಜೊತೆ ವೈಫೈಯೂ ಹೋಯಿತು. ಅದರ ಮುಂದಿನ ಭಾನುವಾರ ತೆಪ್ಪ ಹೊರಡಲಿಲ್ಲ. ಹಿಂದಿನ ಕೋಣೆಗೆ ಹೊಸ ಲೈನ್ ಎಳೆಯಲು ಕೇಬಲ್ಲಿನವರನ್ನು ಕೇಳಿದರೆ ತಿಂಗಳೊಪ್ಪತ್ತು ಆಗುತ್ತದೆ ಎಂದರು. ಅಷ್ಟರಲ್ಲಿ ಮಗಳ ಅಮ್ಮನಿಂದ ಒಂದು ಮೆಸೇಜು ಬಂತು. ಅವರು ತಿಂಗಳ ಕೊನೆಗೆ ಮನೆ ಬದಲಾಯಿಸುತ್ತಿದ್ದಾರೆ, ಹೊಸ ಮನೆ ಚಿಕ್ಕದು, ಬೇಡದ್ದನ್ನೆಲ್ಲ ಕೊಟ್ಟುಬಿಡುತ್ತಿದ್ದಾರೆ. "ಆ ಪೆಟ್ಟಿಗೆ ಇನ್ನು ಬೇಕಾ? ಮೊನ್ನೆ ಭಾನುವಾರ ಒಂದು ಗಂಟೆ ಅದರ ಮುಂದೆ ಕೂತು ಎದ್ದು ಹೋದಳು."

ಲಿಫ್ಟ್ ಮಾಮ ಆ ಮೆಸೇಜು ಹಿಡಿದುಕೊಂಡು ಮೂರು ಮಹಡಿ ಹತ್ತಿ ನಮ್ಮ ಬಾಗಿಲಿಗೆ ಬಂದರು. ನನ್ನ ಬಳಿಗೇ ಬರಲು ಕಾರಣವಿತ್ತು. ಮಗಳು ಹುಟ್ಟುವ ಮೊದಲು ನಾನು ಮೂರು ವರ್ಷ ಒಂದು ಮೊಬೈಲ್ ಕಂಪನಿಯ ಸಹಾಯವಾಣಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದವಳು. ಹೆರಿಗೆ ಕೋಣೆಯಲ್ಲಿ ನರ್ಸಿಗೆ 'ನಿಮಗೆ ಹೇಗೆ ಸಹಾಯ ಮಾಡಲಿ' ಅಂದೆನೆಂದು ನನ್ನವರು ಇವತ್ತಿಗೂ ಆಡಿಕೊಳ್ಳುತ್ತಾರೆ.

"ತಂಗಿ, ಫೋನಿನ ಇಂಟರ್ನೆಟ್ಟನ್ನ ಆ ಪೆಟ್ಟಿಗೆಗೆ ಕೊಡಬಹುದಂತಲ್ಲ, ಹಾಟ್‌ಸ್ಪಾಟೋ ಏನೋ? ನಾನು ಒತ್ತಿ ಒತ್ತಿ ನೋಡ್ದೆ. ಪೆಟ್ಟಿಗೆಗೆ ನನ್ನ ಫೋನು ಕಾಣಿಸ್ತಾನೇ ಇಲ್ಲ. ಪಕ್ಕದಲ್ಲೇ ಇಟ್ಟಿದೀನಿ!"

"ಅದೇನು ಮಹಾ, ಭಾನುವಾರ ಬಂದು ಹತ್ತು ನಿಮಿಷದಲ್ಲಿ ಮಾಡಿಕೊಡ್ತೀನಿ" ಎಂದೆ. ಆ ಹತ್ತು ನಿಮಿಷದ ಮಾತು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಭಾನುವಾರ ಮೂರೂವರೆಗೆ ಮಗಳನ್ನು ಕಟ್ಟಿಕೊಂಡು ಇಳಿದೆ. ಕೋಣೆ ಚಿಕ್ಕದು, ಆದರೆ ಒಪ್ಪ. ಸ್ಪ್ಯಾನರುಗಳು ಗೋಡೆಗೆ ಎತ್ತರದ ಪ್ರಕಾರ ನೇತಾಡುತ್ತಿದ್ದವು. ಹಿಂದಿನ ಕೋಣೆಯಾದ್ದರಿಂದ ಫೋನಿಗೆ ಸಿಗ್ನಲ್ ಬರುವುದು ಕಿಟಕಿಯ ಹತ್ತಿರ ಮಾತ್ರ. ಹಾಗಾಗಿ ಇಷ್ಟು ದಿನ ಫ್ರಿಜ್ಜಿನ ಪಕ್ಕದಲ್ಲಿದ್ದ ಟಿವಿಯನ್ನೂ ಪೆಟ್ಟಿಗೆಯನ್ನೂ ಅವರು ಕಿಟಕಿಯ ಕಡೆಗೆ ಎತ್ತಿ ತಂದು, ಅಲ್ಲಿನ ಬೋರ್ಡಿಗೆ ಸಿಕ್ಕಿಸಿದ್ದರು.

ಮೊದಲನೆಯ ತೊಡಕು ಬೇಗ ಸಿಕ್ಕಿತು. ಹೊಸ ಫೋನುಗಳು ಹಾಟ್‌ಸ್ಪಾಟನ್ನು ಈಗಿನ ವೇಗದ ಅಲೆಯಲ್ಲಿ ಬಿಡುತ್ತವೆ. ಹಳೆಯ ಪೆಟ್ಟಿಗೆಗೆ ಆ ಅಲೆ ಕೇಳಿಸುವುದೇ ಇಲ್ಲ. ಫೋನಿನ ಸೆಟ್ಟಿಂಗಿನಲ್ಲಿ ಹಳೆಯ ಯಂತ್ರಗಳಿಗೆಂದೇ ಇರುವ ನಿಧಾನದ ಅಲೆಗೆ ಬದಲಾಯಿಸಿದೆ. ಆದರೂ ಪೆಟ್ಟಿಗೆಯ ಪಟ್ಟಿಯಲ್ಲಿ ಹೆಸರು ಬರಬೇಕಾದ ಜಾಗ ಖಾಲಿ. ಫೋನಿನ ಹೆಸರು ನೋಡಿದೆ. 'ಅಪ್ಪ' ಅಂತಿತ್ತು, ಆಚೆ ಈಚೆ ಎರಡು ಪುಟ್ಟ ಹೂವಿನ ಚಿತ್ರ.

"ಇದು ಯಾರು ಹಾಕಿದ್ದು?"

"ಅವಳೇ. ಹೋಗೋ ಮುಂಚೆ. ಫೋನು ಬದಲಾಯಿಸಿದ್ರೂ ಅಂಗಡಿಯವನಿಗೆ ಹೇಳಿ ಹಾಗೇ ಹಾಕಿಸ್ಕೊಂಡಿದೀನಿ."

"ಹಳೇ ಪೆಟ್ಟಿಗೆಗೆ ಈ ಚಿತ್ರ, ಕನ್ನಡ ಅಕ್ಷರ ಇವೆಲ್ಲ ಓದಕ್ಕೆ ಬರಲ್ಲ ಅಣ್ಣ. ತೆಗೀಬೇಕು."

"ಹೂವೂನಾ?"

"ಹೂವೂ."

ಅವರು ತೆಗೆಯಲಿಲ್ಲ. ಫೋನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು. ನಾನೇ ಅಳಿಸಿ ಇಂಗ್ಲಿಷ್ ಅಕ್ಷರದಲ್ಲಿ 'ಲಿಫ್ಟ್' ಅಂತ ಬರೆದೆ. ಕೂಡಲೇ ಟಿವಿಯಲ್ಲಿ ಹೆಸರು ಬಂತು. ಪಾಸ್‌ವರ್ಡ್ ಹಾಕಿದೆವು. 'ಇಂಟರ್ನೆಟ್ ಸಂಪರ್ಕ: ಸರಿಯಿದೆ' ಎಂಬರ್ಥದ ಹಸಿರು ಗುರುತು ಬಂದಾಗ ಅವರ ಮುಖ ಇಷ್ಟಗಲವಾಯಿತು. ಗಂಟೆ ನಾಲ್ಕಕ್ಕೆ ಐದು ನಿಮಿಷ.

ಮಗಳಿರುವ ಕಡೆಗೆ ಹೋಗಲು ಆಟದ ಖಾತೆಗೆ ಪ್ರವೇಶ ಮಾಡಬೇಕು. ಒತ್ತಿದರು. ಒಂದು ದುಂಡನೆಯ ಗುರುತು ತಿರುಗಿತು, ತಿರುಗಿತು, ನಿಂತಿತು. ಪ್ರವೇಶ ಸಾಧ್ಯವಿಲ್ಲ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ. ಕೆಳಗೆ ಉದ್ದನೆಯ ಒಂದು ನಂಬರು.

ಸಹಾಯವಾಣಿಯಲ್ಲಿ ಮೂರು ವರ್ಷ ಕೂತವಳ ಬಾಯಿಂದ ಬರುವುದು ಒಂದೇ ಮಾತು. "ಗೋಡೆಯ ಸ್ವಿಚ್ಚಿಂದ ಪೂರ್ತಿ ಆಫ್ ಮಾಡಿ ಆನ್ ಮಾಡೋಣ."

ಅವರಿಗೂ ಅದು ಹಾಲು ಕುಡಿದಂಥ ಸಲಹೆ. ಆಫ್ ಮಾಡಿದರು. ರೂಢಿಯಂತೆ ಫಲಕ ನೇತುಹಾಕಿ, ಒಂದು ನಿಮಿಷ ಕಾದು, ತೆಗೆದು, ಆನ್ ಮಾಡಿದರು. ಮತ್ತದೇ ನಂಬರು. ಮತ್ತೆ ಆಫ್, ಮತ್ತೆ ಆನ್. ನಾಲ್ಕು ಹತ್ತಾಯಿತು, ನಾಲ್ಕು ಇಪ್ಪತ್ತೈದಾಯಿತು. ನನ್ನ ಮಗಳು ಹೊಸ್ತಿಲ ಮೇಲೆ ಕೂತು, "ಟೋಪಿ ಬರ್ಲಿಲ್ಲ" ಎಂದು ಐದು ನಿಮಿಷಕ್ಕೊಮ್ಮೆ ವರದಿ ಒಪ್ಪಿಸುತ್ತಿದ್ದಳು. ನಾನು ಫೋನು ತಿರುವಿದೆ, ಪಾಸ್‌ವರ್ಡ್ ಮತ್ತೆ ಹಾಕಿದೆ, ಕೊನೆಗೆ ಕೈ ಚೆಲ್ಲಿ ಕೂತೆ. ಐದು ಹೊಡೆದ ಮೇಲೆ ಅವರೇ ಟಿವಿ ಆರಿಸಿದರು.

"ಬಿಡಿ ತಂಗಿ. ಇಷ್ಟು ಹೊತ್ತಿಗೆ ಎದ್ದು ಹೋಗಿರ್ತಾಳೆ."

ಆ ವಾರವೆಲ್ಲ ನನಗೆ ಅದೇ ಧ್ಯಾನ. ಬುಧವಾರ ಮಧ್ಯಾಹ್ನ ಸ್ಕೂಲಿನ ಗೇಟಿನ ಹೊರಗೆ ಮಗಳಿಗಾಗಿ ಕಾಯುತ್ತ ಆ ನಂಬರನ್ನು ಫೋನಿನಲ್ಲಿ ಹುಡುಕುತ್ತಿದ್ದೆ. ಯಾವುದೋ ದೇಶದ ಯಾರೋ ಪುಣ್ಯಾತ್ಮ ವರ್ಷಗಳ ಹಿಂದೆ ಒಂದು ಸಾಲು ಬರೆದಿಟ್ಟಿದ್ದ: ಮೊದಲು ಪೆಟ್ಟಿಗೆಯ ತಾರೀಕು ನೋಡು. ಮಗಳನ್ನು ಎಳೆದುಕೊಂಡು ಬಂದೆ. ಅವರು ಆಗ ತಾನೇ ಊಟಕ್ಕೆ ಬಂದಿದ್ದರು. ಸೆಟ್ಟಿಂಗ್ ತೆಗೆದು ನೋಡಿದರೆ, ಪೆಟ್ಟಿಗೆ ಹತ್ತೊಂಬತ್ತು ವರ್ಷ ಹಿಂದಿನ ಜನವರಿ ಒಂದನೇ ತಾರೀಕಿನಲ್ಲಿ ಕೂತಿತ್ತು. ಅದರ ಲೆಕ್ಕದಲ್ಲಿ ನಾನಿನ್ನೂ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುವವಳು. ಆಚೆಯ ಕಂಪ್ಯೂಟರು ಪೆಟ್ಟಿಗೆಯ ತಾರೀಕು ತಾಳೆಯಾಗದೆ ಬಾಗಿಲು ಹಾಕಿಕೊಳ್ಳುತ್ತಿತ್ತು.

"ಹತ್ತೊಂಬತ್ತು ವರ್ಷ!" ಎಂದರು. "ಇದಕ್ಕೆ ನನಗಿನ್ನೂ ಮದುವೇನೇ ಆಗಿಲ್ಲ. ಮಗಳನ್ನ ಎಲ್ಲಿಂದ ತಂದು ತೋರಿಸುತ್ತೆ ಪಾಪ."

ತಾರೀಕು ಸರಿ ಮಾಡಿದೆ. ಒತ್ತಿದೆ. ಒಳಗೆ ಹೋಯಿತು. ಪಟ್ಟಿಯಲ್ಲಿ ಕೆಂಪು ಟೋಪಿಯ ಚಿತ್ರ, ಪಕ್ಕದಲ್ಲಿ 'ಮೂರು ದಿನದ ಹಿಂದೆ ಬಂದಿದ್ದರು' ಎಂದು. ಅಂದರೆ ಭಾನುವಾರ ಅವಳು ಬಂದು ಕಾದಿದ್ದಳು. ಅವರು ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಟಿವಿಯ ಗಾಜಿನ ಮೇಲೆ ಗ್ರೀಸಿನ ಗುರುತು ಉಳಿಯಿತು.

ಬುಧವಾರ ಇಬ್ಬರಿಗೂ ಹೊಳೆಯದೇ ಹೋದದ್ದೊಂದಿತ್ತು. ಪೆಟ್ಟಿಗೆಯೊಳಗಿನ ಗಡಿಯಾರದ ಸಣ್ಣ ಬ್ಯಾಟರಿ ಯಾವಾಗಲೋ ಸತ್ತಿತ್ತು. ಇಷ್ಟು ವರ್ಷ ಇನ್ವರ್ಟರ್ ಇರುವ ಫ್ರಿಜ್ಜಿನ ಬೋರ್ಡಿನಲ್ಲಿದ್ದುದರಿಂದ ಅದರ ಕರೆಂಟು ಒಂದು ಸಲವೂ ಹೋಗಿರಲಿಲ್ಲ, ತಾರೀಕು ಉಳಿದಿತ್ತು. ಅಲ್ಲಿಂದ ಕಿತ್ತಾಗ ಒಮ್ಮೆ, ಕಿಟಕಿಯ ಬೋರ್ಡಿಗೆ ಬಂದ ಮೇಲೆ ಗೋಡೆಯ ಸ್ವಿಚ್ ಆರಿಸಿದಾಗಲೆಲ್ಲ ಪೆಟ್ಟಿಗೆ ತಿರುಗಿ ಹತ್ತೊಂಬತ್ತು ವರ್ಷ ಹಿಂದಕ್ಕೆ ಬೀಳುತ್ತಿತ್ತು. ಆಫ್ ಮಾಡಿ ಆನ್ ಮಾಡಿ ಎನ್ನುವ ನನ್ನ ಕಸುಬು, ಆರಿಸದೆ ಮುಟ್ಟಬಾರದು ಎನ್ನುವ ಅವರ ಕಸುಬು. ಭಾನುವಾರ ಇಬ್ಬರೂ ಸೇರಿ ನಮಗೆ ಗೊತ್ತಿದ್ದ ವಿದ್ಯೆಯಿಂದಲೇ ಬಾಗಿಲು ಮುಚ್ಚುತ್ತ ಕೂತಿದ್ದೆವು.

ಶನಿವಾರ ಅವರು ಖುಷಿಗೆ ಪೆಟ್ಟಿಗೆಯ ಧೂಳು ಒರೆಸಿದರು. ಒರೆಸುವ ಮೊದಲು ಏನು ಮಾಡಿದರೆಂದು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಭಾನುವಾರ ನಾನು ನಾಲ್ಕಕ್ಕೆ ಇಳಿಯಲಿಲ್ಲ. ಎಲ್ಲ ಸರಿಯಾಗಿದೆಯಲ್ಲ, ಅಪ್ಪ ಮಗಳ ನಡುವೆ ನಾನೇಕೆ ಎಂದುಕೊಂಡಿದ್ದೆ. ನಾಲ್ಕೂ ಹತ್ತಕ್ಕೆ ಬಾಗಿಲು ಬಡಿದ ಸದ್ದು. ಮೂರು ಮಹಡಿ ಓಡಿ ಬಂದಿದ್ದರು, ಉಸಿರು ಸಿಗುತ್ತಿರಲಿಲ್ಲ. "ಮತ್ತೆ... ಅದೇ ನಂಬರು."

ಕೆಳಗೆ ಹೋಗಿ ನೋಡಿದರೆ ಜನವರಿ ಒಂದು. ಆಗ ನನ್ನ ತಲೆಗೆ ಹೊಳೆಯಿತು. "ಸ್ವಿಚ್ ಆರಿಸಿದ್ರಾ?"

"ಒರೆಸೋವಾಗ... ಆರಿಸದೆ ಹೇಗೆ?"

ತಾರೀಕು ತಿದ್ದಿ, ಒಳಗೆ ಹೋಗಿ, ಆಟ ತೆರೆಯುವ ಹೊತ್ತಿಗೆ ನಾಲ್ಕು ಇಪ್ಪತ್ತೆಂಟು. ಅವಳಿದ್ದಳು! ದಡದಲ್ಲಿ ತೆಪ್ಪದ ಪಕ್ಕ ಕೂತಿತ್ತು ಕೆಂಪು ಟೋಪಿ. ಇವರನ್ನು ಕಂಡಿದ್ದೇ ತಡ, ಎದ್ದು ಶಿಳ್ಳೆ ಹಾಕಿತು. ನನ್ನ ಮಗಳು ಚಪ್ಪಾಳೆ ತಟ್ಟಿದಳು. ಇವರ ಕೋಲು ಎಲ್ಲೆಲ್ಲೋ ಊರುತ್ತಿತ್ತು. ಆದರೂ ತೆಪ್ಪ ಹೊರಟಿತು.

ಆರು ನಿಮಿಷ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವರ ಫೋನಿನಲ್ಲಿ ಎರಡು ಸಿಮ್ಮು, ಒಂದು ಸ್ವಂತದ್ದು, ಒಂದು ಕಂಪನಿಯದು. ಇಂಟರ್ನೆಟ್ಟು ಸ್ವಂತದ್ದರಲ್ಲಿ, ಕರೆ ಬಂದದ್ದು ಕಂಪನಿಯದಕ್ಕೆ. ಕಂಪನಿಯ ಕರೆ, ಎತ್ತದೇ ಇರುವಂತಿಲ್ಲ. ಅಂಥ ಫೋನಿನಲ್ಲಿ ಒಂದು ಸಿಮ್ ಮಾತಿಗೆ ಎದ್ದರೆ ಇನ್ನೊಂದರ ಇಂಟರ್ನೆಟ್ ಉಸಿರು ಹಿಡಿದುಬಿಡುತ್ತದೆ. ಇದು ನನಗೆ ಗೊತ್ತಿತ್ತು. ಸಹಾಯವಾಣಿಯಲ್ಲಿ ದಿನಕ್ಕೆ ಹತ್ತು ಸಲ ಹೇಳಿದ್ದೆ. ಇಲ್ಲಿ ನೆನಪಾಗಲಿಲ್ಲ. ಅವರು "ಹಲೋ" ಅಂದಿದ್ದೇ, ಟಿವಿಯಲ್ಲಿ ಹೊಳೆ ಹೆಪ್ಪುಗಟ್ಟಿತು.

ಕರೆ ಒಂದು ಹೋಟೆಲಿನದು. ಅವರ ಲಿಫ್ಟಿನಲ್ಲಿ ಹಾಡು ಬರುತ್ತಿಲ್ಲವಂತೆ.

"ಲಿಫ್ಟು ಓಡ್ತಿದೆಯಾ ಸಾರ್? ... ಓಡ್ತಿದೆ, ಹಾಡು ಬರ್ತಿಲ್ಲ. ... ಸರಿ ಸಾರ್. ... ಇಲ್ಲ ಸಾರ್, ನಾಳೆ ಬೆಳಿಗ್ಗೆ ಬರ್ತೀನಿ ಸಾರ್." ಫೋನು ಇಟ್ಟರು. ಮತ್ತೆ ಆಟ ತೆರೆಯುವ ಹೊತ್ತಿಗೆ ದಡದಲ್ಲಿ ಯಾರೂ ಇರಲಿಲ್ಲ.

"ಅಲ್ಲಿ ಅವಳ ಟಿವಿಲಿ ಏನು ಬಂದಿರುತ್ತೆ ಗೊತ್ತಾ ತಂಗಿ?" ಎಂದರು, ಖಾಲಿ ದಡವನ್ನೇ ನೋಡುತ್ತ. "ಅವಳೇನಾದ್ರೂ ಮಧ್ಯದಲ್ಲಿ ಎದ್ದು ಹೋದ್ರೆ ನನಗಿಲ್ಲಿ ಬರುತ್ತಲ್ಲ, ಅದೇ ಬಂದಿರುತ್ತೆ. 'ನಿಮ್ಮ ಜೊತೆಗಾರರು ನಿಮ್ಮನ್ನು ಬಿಟ್ಟು ಹೋದರು.' ನೆಟ್ಟು ಹೋದ್ರೂ ಅದೇ, ಕರೆಂಟು ಹೋದ್ರೂ ಅದೇ. ಅದಕ್ಕೆ ಬೇರೆ ವಾಕ್ಯ ಬರಲ್ಲ."

"ಫೋನ್ ಮಾಡಿ ಹೇಳಿ ಅಣ್ಣ. ನೆಟ್‌ವರ್ಕ್ ತೊಂದ್ರೆ ಅಂತ. ದೊಡ್ಡ ಹುಡುಗಿ, ಅರ್ಥ ಆಗುತ್ತೆ."

ಮಾಡಿದರು. ನನ್ನೆದುರೇ. ಇಪ್ಪತ್ತು ಸೆಕೆಂಡು ಕೂಡ ಆಗಲಿಲ್ಲ. "ಪರವಾಗಿಲ್ಲಪ್ಪ ಅಂದ್ಲು" ಎಂದರು. ಫೋನು ಜೇಬಿಗೆ ಹಾಕಿಕೊಳ್ಳುತ್ತ, "ಅವಳಮ್ಮನೂ ಪರವಾಗಿಲ್ಲ ಪರವಾಗಿಲ್ಲ ಅಂತಾನೇ ಅಷ್ಟು ವರ್ಷ ಇದ್ದಿದ್ದು."

ಮಂಗಳವಾರ ಮಗಳ ಅಮ್ಮನ ಮೆಸೇಜು. ಸೋಮವಾರ ಲಾರಿ ಬರುತ್ತದೆ, ಭಾನುವಾರ ರಾತ್ರಿಯೊಳಗೆ ಎಲ್ಲ ಡಬ್ಬಿಗೆ ಹೋಗಬೇಕು. "ಪೆಟ್ಟಿಗೆ ಏನು ಮಾಡೋಣ ಅಂತ ಅವಳನ್ನೇ ಕೇಳಿದೆ. ಅಪ್ಪ ಭಾನುವಾರ ಕೊನೆಯವರೆಗೂ ಇದ್ದರೆ ತಗೊಂಡು ಹೋಗೋಣ, ಇಲ್ಲದಿದ್ದರೆ ಬೇಡ ಅಂದಳು. ನಾನು ಹೇಳಿಕೊಟ್ಟಿದ್ದಲ್ಲ." ಓದಿ ನನಗೆ ಆ ಹೆಂಗಸಿನ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಲು ಯಾರಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಭಾನುವಾರದ ಡ್ಯೂಟಿ ಬದಲಾಯಿಸಿಕೊಳ್ಳಲು ನೋಡಿದರು. ಆಗಲಿಲ್ಲ. ಇಷ್ಟು ದಿನ ಭಾನುವಾರದ ಕರೆಗಳಿಗೆ ಹೋಗುತ್ತಿದ್ದ ಇನ್ನೊಬ್ಬ ಮೆಕ್ಯಾನಿಕ್ ಕಾಲು ಮುರಿದುಕೊಂಡು ಮಲಗಿದ್ದಾನೆ. "ಏಣಿಯಿಂದ ಬಿದ್ದನಾ?" ಎಂದು ನನ್ನವರು ಕೇಳಿದರೆ, "ಇಲ್ಲ, ಮಂಚದಿಂದ" ಎಂದರು. ನಗು ಬರುವಂಥ ಮಾತೇ. ನಗುವ ಚೈತನ್ಯ ಇಬ್ಬರಲ್ಲೂ ಇರಲಿಲ್ಲ.

ಫೋನಿನ ಮಟ್ಟಿಗೆ ನಾನು ದಾರಿ ಹುಡುಕಿದೆ. "ಈ ಸಲ ನನ್ನ ಫೋನಿಂದ ಇಂಟರ್ನೆಟ್ ಕೊಡೋಣ. ನಿಮ್ಮ ಫೋನಿಗೆ ಎಷ್ಟು ಕರೆ ಬಂದ್ರೂ ತೆಪ್ಪ ನಿಲ್ಲಲ್ಲ. ನನ್ನದು ಒಂದೇ ಸಿಮ್ಮು. ನಮ್ಮಮ್ಮನಿಗೆ, ನಮ್ಮನೆಯವರಿಗೆ, ಎಲ್ಲರಿಗೂ ಐದರವರೆಗೆ ಫೋನ್ ಮಾಡಬೇಡಿ ಅಂದುಬಿಡ್ತೀನಿ." ಪೆಟ್ಟಿಗೆಯ ಸ್ವಿಚ್ಚಿನ ಮೇಲೆ ಅವರು ಹಳದಿ ಫಲಕ ನೇತುಹಾಕಿದ್ದರು. ಆನ್ ಇರುವ ಸ್ವಿಚ್ಚಿಗೆ ಅವರು ಫಲಕ ಹಾಕಿದ್ದನ್ನು ನೋಡಿದ್ದು ನಾನು ಅದೇ ಮೊದಲು. ಶನಿವಾರ ಸಂಜೆಯೇ ನನ್ನ ಫೋನಿನಿಂದ ಪರೀಕ್ಷೆ ಮಾಡಿದೆವು. ಅಲೆ, ಹೆಸರು, ತಾರೀಕು, ಪ್ರವೇಶ, ಒಂದೊಂದೂ ಸರಿ.

ಮೊನ್ನೆ ಭಾನುವಾರ ಮೂರೂ ಮುಕ್ಕಾಲಿಗೆ ನನ್ನ ಫೋನನ್ನು ಚಾರ್ಜಿಗೆ ಹಾಕಿ ಅವರ ಕಿಟಕಿಯ ಮೇಲಿಟ್ಟೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ನನ್ನ ಮಗಳು ಸುಮ್ಮನಿರಲಿಲ್ಲ: "ಮಾಮ, ಅವಳಿಗೆ ನಿನ್ನ ಅಂಗಿ ಕಾಣಲ್ಲ."

"ಗೊತ್ತು ಇನ್ಸ್‌ಪೆಕ್ಟ್ರೇ. ಸುಮ್ನೆ ಹಾಕ್ಕೊಂಡಿದೀನಿ."

ನಾಲ್ಕೂ ಮೂರಕ್ಕೆ ದಡದಲ್ಲಿ ಕೆಂಪು ಟೋಪಿ ಬಂತು. ಸ್ವಲ್ಪ ದೂರದಲ್ಲೇ ನಿಂತಿತು. ಇವರು ಶಿಳ್ಳೆ ಹಾಕಿದರು. ಟೋಪಿ ಅಲ್ಲಾಡಲಿಲ್ಲ. ಇನ್ನೊಂದು ಶಿಳ್ಳೆ. ಆಮೇಲೆ ಮೆಲ್ಲಗೆ ಬಂದು ತೆಪ್ಪ ಹತ್ತಿತು.

ಅವತ್ತಿನದು ಉದ್ದದ ಪಯಣ. ನಡುವೆ ದಡವಿಲ್ಲ, ಹತ್ತಿದರೆ ಕೆಳಗಿನ ಕಟ್ಟೆ ಮುಟ್ಟುವವರೆಗೂ ಇಳಿಯುವಂತಿಲ್ಲ, ಮುಕ್ಕಾಲು ಗಂಟೆಯಾದರೂ ಬೇಕು. ಅವಳೇ ಅದನ್ನು ಆರಿಸಿಕೊಂಡಿದ್ದಳು. ಇಪ್ಪತ್ತು ನಿಮಿಷ ಹೊಳೆ ನೆಟ್ಟಗೆ ಹರಿಯಿತು. ಇವರು ನಾಲಿಗೆ ಕಚ್ಚಿಕೊಂಡು ಕೋಲು ಊರುತ್ತಿದ್ದರು. ಒಂದು ಕಡೆ ಹಕ್ಕಿಗಳ ಗುಂಪು ಎದ್ದಾಗ ಟೋಪಿ ಹಿಂದೆ ತಿರುಗಿ ಇವರನ್ನು ನೋಡಿತು. ಆಟದಲ್ಲಿ ಹಾಗೆ ತಿರುಗಲು ಬೇರೆಯೇ ಬಟನ್ ಒತ್ತಬೇಕಂತೆ.

ನಾಲ್ಕು ಇಪ್ಪತ್ತೈದಕ್ಕೆ ಅವರ ಫೋನು ಹೊಡೆದುಕೊಂಡಿತು. ತೆಪ್ಪ ನಿಲ್ಲಲಿಲ್ಲ. ನಾನು ಒಳಗೊಳಗೇ ಬೀಗಿದೆ. ಅವರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಆಡುತ್ತಲೇ ಮಾತಾಡಿದರು.

"ಹೇಳಿ. ... ಯಾವ ಕ್ಲಿನಿಕ್ಕು? ... ಎಷ್ಟು ಜನ? ... ಉಸಿರಾಡಕ್ಕೆ ಕಷ್ಟನಾ? ... ಫ್ಯಾನು ಓಡ್ತಿದೆಯಾ ನೋಡಿ. ... ಬಾಗಿಲು ಮೀಟಬೇಡಿ, ಯಾರೂ ಮೀಟಬೇಡಿ. ಆ ಅಜ್ಜೀನ ಕೂರಿಸಿ. ... ಹತ್ತು ನಿಮಿಷ. ಬಂದೆ."

ಫೋನು ಜೇಬಿಗೆ ಹೋಯಿತು. ಕೈ ಮಾತ್ರ ಬಟನ್ನುಗಳ ಮೇಲೇ ಇತ್ತು. ಕ್ಲಿನಿಕ್ಕಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ. ಒಳಗೆ ನಾಲ್ಕು ಜನ, ಅದರಲ್ಲೊಬ್ಬಳು ಆಸ್ತಮಾದ ಅಜ್ಜಿ. ಅವರು ಟಿವಿ ನೋಡಿದರು, ಬಾಗಿಲು ನೋಡಿದರು, ಗೋಡೆಯ ಮೇಲಿನ ಕೈಚೀಲ ನೋಡಿದರು. ಒಬ್ಬ ಮನುಷ್ಯ ಎರಡು ಕಡೆ ಬೇಕಾದಾಗ ಹೇಗೆ ಕಾಣುತ್ತಾನೆಂದು ಅವತ್ತು ನೋಡಿದೆ. ಕೈಕಾಲು ಇದ್ದಲ್ಲೇ ಇರುತ್ತವೆ, ಮುಖ ಮಾತ್ರ ಅತ್ತಿತ್ತ ತಿರುಗುತ್ತದೆ.

"ಅವಳಮ್ಮನಿಗೆ ಫೋನ್ ಮಾಡಿ ಹೇಳಿಬಿಡೋಣ ಅಣ್ಣ. ಜೀವದ ವಿಷಯ ಅಂತ."

"ಏನಂತ ಹೇಳೋದು? ಅಪ್ಪ ಹೋಗ್ಬೇಕು ಅಂತ ತಾನೆ? ಟಿವಿನೂ ಅದನ್ನೇ ತಾನೆ ಹೇಳೋದು?" ಎದ್ದು ನಿಂತರು, ಕಣ್ಣು ತೆರೆಯ ಮೇಲೆ, ಬೆರಳು ಇನ್ನೂ ಕೋಲು ಊರುತ್ತಿದ್ದವು. ಆಮೇಲೆ ನನ್ನ ಕಡೆ ತಿರುಗಿ ಆಟದ ರಿಮೋಟನ್ನು ನನ್ನ ಮಡಿಲ ಮೇಲೆ ಇಟ್ಟರು. ಬಟನ್ನುಗಳು ಅವರ ಬೆವರಿನಿಂದ ಒದ್ದೆಯಾಗಿದ್ದವು.

"ತಂಗಿ, ನೀವು ಹಿಡ್ಕೊಳ್ಳಿ. ಎಡಗೈ ಹೆಬ್ಬೆರಳು ಹೀಗೆ ಒತ್ತಿ ಬಿಡಿ, ಒತ್ತಿ ಬಿಡಿ. ಅಷ್ಟೇ."

"ನಾನಾ? ಅವಳು ನೀವೇ ಅಂದ್ಕೊಂಡಿರ್ತಾಳಲ್ಲ. ಸುಳ್ಳು ಆಗಲ್ವಾ ಅಣ್ಣ?"

"ಸುಳ್ಳೇ." ಕೈಚೀಲ ಹೆಗಲಿಗೇರಿಸಿದರು. "ಮುಂದೆ ಯಾವತ್ತಾದ್ರೂ ನಾನೇ ಹೇಳ್ತೀನಿ. ಇವತ್ತು ಕಟ್ಟೆ ಮುಟ್ಟೋವರೆಗೂ ಬಿಡಬೇಡಿ. ಶಿಳ್ಳೆ ಹಾಕಿದ್ರೆ ವಾಪಸ್ ಎರಡು ಶಿಳ್ಳೆ ಹಾಕಿ, ಒಂದಲ್ಲ, ಎರಡು."

ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿದವರು ಮತ್ತೆ ಓಡಿ ಬಂದು ಕಿಟಕಿಯ ಸರಳು ಹಿಡಿದರು.

"ಇನ್ನೊಂದು ತಂಗಿ. ಚೆನ್ನಾಗಿ ಆಡಬೇಡಿ. ಕಟ್ಟೆ ಹತ್ತಿರ ಬಲಗಡೆ ಒಂದು ಬಂಡೆ ಬರುತ್ತೆ, ನಾನು ಪ್ರತಿ ಸಲ ಅದಕ್ಕೆ ಗುದ್ದುತೀನಿ, ಅವಳು ಪ್ರತಿ ಸಲ ಶಿಳ್ಳೆ ಮೇಲೆ ಶಿಳ್ಳೆ ಹಾಕಿ ನಗ್ತಾಳೆ. ಗುದ್ದಿಬಿಡಿ, ದಮ್ಮಯ್ಯ."